ಎಲ್ಲಿ ನಿಲ್ಲುತ್ತೀರಿ

ನಕಾಶೆಯಲ್ಲಿ ಹದಿನಾರು ಕತ್ತರಿ ಗುರುತು.
ನಾಲ್ಕು ಸಾಲು, ಸಾಲಿಗೆ ನಾಲ್ಕು,
ಕವಾಯತಿಗೆ ನಿಂತ ಹಾಗೆ.
ರಾಸ್ಮಿಯೇ ಬರೆದದ್ದು, ಅಡಿಪಟ್ಟಿ ಹಿಡಿದು,
ದೋಣಿಯ ಲೆಕ್ಕದ ಪುಸ್ತಕದಿಂದ ಹಾಳೆ ಹರಿದು.
"ಒಂದು ಮೂಲೆಯಲ್ಲೂ ಕತ್ತಲಿರಬಾರದು, ಗಿಡಿಯನ್"
ಅಂದ, ಗಿಲಾವು ಇನ್ನೂ ಒಣಗದ ಕೋಣೆಯಲ್ಲಿ.

ನಾನು ವಯರು ಎಳೆಯುವವನು. ಮೂವತ್ತೊಂದು ವರ್ಷದಿಂದ
ಶೆಟ್ಲೆಂಡಿನ ಅಟ್ಟಗಳಲ್ಲಿ ಅಂಗಾತ ಮಲಗಿದ್ದೇನೆ.
ಇಲ್ಲಿ ಡಿಸೆಂಬರಿನ ಸೂರ್ಯ
ಒಂಬತ್ತಕ್ಕೆ ಬಂದು ಮೂರಕ್ಕೆ ಏಳುವ ಗುಮಾಸ್ತ,
ಅದೂ ಮೋಡದ ರಜೆ ಕಳೆದು ಉಳಿದರೆ.
ಜೂನಿನಲ್ಲಿ ನಡುರಾತ್ರಿ ಅಂಗಳದಲ್ಲಿ ಪತ್ರಿಕೆ ಓದಬಹುದು;
ಆಗ ನನ್ನನ್ನು ಯಾರೂ ಕರೆಯುವುದಿಲ್ಲ.
ಚಳಿಗಾಲದಲ್ಲಿ ದೀಪದ ನಕಾಶೆ ಬರೆಯುವವರು
ಸೇಡಿಗೆ ಬರೆಯುತ್ತಾರೆ.

ಹಳೆಯ ಅಡುಗೆಮನೆಗೆ ಕಡಲಿನ ಕಡೆ ಕಿಟಕಿಯಿತ್ತು.
ಹೊಸ ಕೋಣೆ ಅದನ್ನು ನುಂಗಿದೆ.
ಚೌಕಟ್ಟು ಹಾಗೇ ಇದೆ, ಗಾಜಿಲ್ಲ,
ಈಗ ಅದರಲ್ಲಿ ಕಾಣುವುದು ಸಿಮೆಂಟಿನ ಚೀಲ.
ಹೊಸದಕ್ಕೆ ಗಾಜಿನ ಬಾಗಿಲು, ಚಾವಣಿಗೂ ಗಾಜು.
ಪೈಪಿನ ಖರ್ಚು ಉಳಿಸಲು ಸಿಂಕು ಮಾತ್ರ ಹಳೆಯ ಕಡೆಯೇ;
ಅದರ ಮುಂದೆ ಹಗಲು ಹನ್ನೆರಡಕ್ಕೆ
ನನಗೆ ಟಾರ್ಚು ಬೇಕಾಯಿತು.
ಮುಂದಕ್ಕೆ ಬೆಳೆದ ಮನೆ
ಬೆನ್ನಿಗೊಂದು ಕತ್ತಲು ಕಟ್ಟಿಕೊಳ್ಳುತ್ತದೆ.

ಓಸ್ಲಾ ಮೂರು ಲೋಟ ಚಹಾ ಹಿಡಿದು ಬಂದಳು.
"ನೀವು ಎಲ್ಲಿ ನಿಲ್ಲುತ್ತೀರಿ?" ಕೇಳಿದೆ.
"ಅಂದರೆ?"
"ಮೀನು ಸೀಳುವಾಗ. ಹಿಟ್ಟು ನಾದುವಾಗ.
ಕರೆಂಟಿನ ಬಿಲ್ಲು ಬಂದಾಗ ಓದುವುದು ಎಲ್ಲಿ?"
ರಾಸ್ಮಿ ನಕ್ಕ: "ಅವಳು ಎಲ್ಲ ಕಡೆಯೂ ನಿಲ್ಲುತ್ತಾಳೆ."

ಅವಳು ನಗಲಿಲ್ಲ. ನನ್ನ ಜೇಬಿನಿಂದ ಸೀಮೆಸುಣ್ಣ ಎತ್ತಿಕೊಂಡಳು.
ಬರೀ ಕಾಂಕ್ರೀಟಿನ ಮೇಲೆ, ಇಲ್ಲದ ಕಟ್ಟೆಯ ಮುಂದೆ ನಿಂತು
ಇಲ್ಲದ ಹ್ಯಾಡಕ್ಕನ್ನು ಬಾಲದಿಂದ ತಲೆಗೆ ಸೀಳಿದಳು.
ಎಡಕ್ಕೆ ಮೂರು ಹೆಜ್ಜೆ, ಕೆಟಲು.
ತಿರುಗಿ, ಬಗ್ಗಿ, ಒಲೆಯ ಬಾಗಿಲು.
ನಿಂತಲ್ಲೆಲ್ಲ ಬೂಟಿನ ಸುತ್ತ ಗೆರೆ ಎಳೆದಳು.
ಐದು ಜೊತೆ ಪಾದ.

ಏಣಿ ಹತ್ತಿ, ರಾಸ್ಮಿಯ ಗುರುತಿನ ಕೆಳಗೆ
ಬರಿ ಬಲ್ಬು ಹಿಡಿದೆ.
ಅವಳ ಕೈಯ ಮೇಲೆ ಅವಳ ತಲೆಯೇ ಬಿತ್ತು, ಕಪ್ಪಗೆ.
"ಬೆಳಕು ಬೆನ್ನಿಗಿದ್ದರೆ
ನಿಮ್ಮ ಈರುಳ್ಳಿಯನ್ನು ನಿಮ್ಮ ನೆರಳು ಹೆಚ್ಚುತ್ತದೆ.
ಬೆರಳು ನಿಮ್ಮದು."
ಒಂದೂವರೆ ಅಡಿ ಗೋಡೆಯ ಕಡೆ ಸರಿಸಿದೆ.
ನೆರಳು ಹಿಂದಕ್ಕೆ ಹೋಗಿ ನಿಂತಿತು,
ಕೆಲಸವಿಲ್ಲದ ನೆಂಟನಂತೆ.

ರಾಸ್ಮಿ ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ, "ದೋಣಿಯಲ್ಲಿ ಎಲ್ಲ ಕಾಣಬೇಕು,
ಕಾಣದ ಹಗ್ಗ ಕಾಲಿಗೆ ಸುತ್ತುತ್ತದೆ" ಅಂದ.
ಅವನ ಎಡಗಾಲು ನನಗೆ ಆಗ ನೆನಪಾಯಿತು.

ಹದಿನಾರು ಏಳಕ್ಕಿಳಿಯಿತು.
ಸಿಂಕಿಗೊಂದು, ನುಂಗಿಹೋದ ಕಿಟಕಿಯ ಚೌಕಟ್ಟಿನ ಮೇಲೆ,
ಬೆಣ್ಣೆ ಕಾಯಿಸಿದ ಬಣ್ಣದ್ದು.
ಹಿತ್ತಿಲ ಬಾಗಿಲಿಗೊಂದು, ಪಾದದ ಎತ್ತರಕ್ಕೆ,
ಬೆಳಗಿನ ನಾಲ್ಕಕ್ಕೆ ಬೂಟು ಹುಡುಕುವವನಿಗೆ.
ಇದನ್ನು ಓಸ್ಲಾ ಸೇರಿಸಿದ್ದು.

ಊಟದ ಮೇಜಿನ ತೂಗುದೀಪಕ್ಕೆ ಮಾತ್ರ ಅವಳು ಒಪ್ಪಲಿಲ್ಲ.
"ಮೇಜು ಇಂಥಲ್ಲೇ ಅಂತ ಈಗಲೇ ಹೇಗೆ ಹೇಳಲಿ?
ಜನ ಬಂದರೆ ಎಳೆಯುತ್ತೇವೆ.
ಏಪ್ರಿಲಿನಲ್ಲಿ ತಬ್ಬಲಿ ಕುರಿಮರಿಯ ಪೆಟ್ಟಿಗೆ ಬಂದರೆ ನೂಕುತ್ತೇವೆ.
ದೀಪ ನೇತುಹಾಕಿದರೆ ಅದರ ಕೆಳಗೇ ಉಣ್ಣಬೇಕು, ಸಾಯುವ ತನಕ."
ಚಾವಣಿಯೊಳಗೆ ಹತ್ತಡಿ ವಯರು
ಸುರುಳಿ ಸುತ್ತಿ ಬಿಟ್ಟೆ, ಎಲ್ಲಿಗೂ ಮುಟ್ಟಿಸದೆ.
ಅದರ ದುಡ್ಡು ಹಾಕಲಿಲ್ಲ.
ಇಲ್ಲ, ಹಾಕಿದೆ, ಅರ್ಧ.

ಸೋಮವಾರ ನೆಲಕ್ಕೆ ಹಲಗೆ ಬರುತ್ತದೆ,
ಪಾದಗಳು ಅದರಡಿಗೆ ಹೋಗುತ್ತವೆ.
ಚಹಾದ ಲೋಟ ಎತ್ತಿಕೊಂಡು ರಾಸ್ಮಿ ಹೊರಟ,
ಕಾಂಕ್ರೀಟಿನ ಮೇಲೆ, ಒಂದನ್ನೂ ತುಳಿಯದೆ,
ಕುಂಟುಗಾಲನ್ನು ಎತ್ತಿ ಎತ್ತಿ ಇಡುತ್ತ.